ಮನೆಯೊಳಗಿನ ಆರ್‌ಸಿ ಕಾರು ರೇಸ್

ರೇಡಿಯೊ ಅಲೆಗಳ ಮೂಲಕ ದೂರದಿಂದ ನಡೆಸುವ ಕಿರುಗಾತ್ರದ ಕಾರುಗಳನ್ನು ಮನೆಯ ಹಜಾರದಲ್ಲೋ ಮೇಜಿನ ಮೇಲೋ ಹಾಕಿದ ಟ್ರ್ಯಾಕಿನಲ್ಲಿ ಓಡಿಸಿ ಸ್ಪರ್ಧಿಸುವ ಹವ್ಯಾಸ. ಹವ್ಯಾಸಿಗಳು ಇದನ್ನು ‘ಆರ್‌ಸಿ’ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಇದು ‘ರಿಮೋಟ್ ಕಾರು’. ಬಯಲಿನಲ್ಲಿ ಓಡುವ ಕಾರುಗಳು ಸಾಮಾನ್ಯವಾಗಿ ನಿಜವಾಹನದ 1:8 ಅಥವಾ 1:10ರ ಅಳತೆಯವು. ಮನೆಯೊಳಗೆ ಓಡುವವು 1:24ರಿಂದ 1:76ರವರೆಗಿನವು. ಕಾರು ಇಷ್ಟು ಕುಗ್ಗಬೇಕಾದರೆ ಮೊದಲು ಬ್ಯಾಟರಿ, ಮೋಟಾರು, ರೇಡಿಯೊ ಮೂರೂ ಕುಗ್ಗಬೇಕಿತ್ತು. ಅವು ಕುಗ್ಗಿದಂತೆಲ್ಲ ಓಟವೂ ಪಾರ್ಕಿಂಗ್ ಜಾಗದಿಂದ ಸಭಾಂಗಣಕ್ಕೆ, ಸಭಾಂಗಣದಿಂದ ಮನೆಯ ನೆಲಕ್ಕೆ ಬಂತು. ಈ ಹವ್ಯಾಸದ ಚರಿತ್ರೆಯೆಲ್ಲ ಬಹುಮಟ್ಟಿಗೆ ಇದೇ.

ಹಿನ್ನೆಲೆ

ತಂತಿಯಿಲ್ಲದೆ ದೂರದ ವಸ್ತುವನ್ನು ಆಡಿಸುವ ಪ್ರಯೋಗಗಳು 19ನೆಯ ಶತಮಾನದ ಕೊನೆಯಲ್ಲಿ ಶುರುವಾದವು. 1895ರ ಸುಮಾರಿಗೆ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳಿಂದ ದೂರದ ಗಂಟೆಯೊಂದನ್ನು ಬಾರಿಸಿ, ಮದ್ದಿಗೆ ಬೆಂಕಿ ಹೊತ್ತಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ನಿಯಂತ್ರಿತ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ನಡೆಸಿದರು. ಅದೇ ವರ್ಷ ನವೆಂಬರಿನಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು.

ಹವ್ಯಾಸಿಗಳು ಈ ತಂತ್ರವನ್ನು ಮೊದಲು ಬಳಸಿದ್ದು ದೋಣಿಗಳಿಗೆ ಮತ್ತು ವಿಮಾನದ ಮಾದರಿಗಳಿಗೆ. ವಾಲ್ವ್ ರೇಡಿಯೊಗಳ ಕಾಲದಲ್ಲಿ ಸಂಕೇತ ಪಡೆಯುವ ರಿಸೀವರೂ ಬ್ಯಾಟರಿಯೂ ಭಾರವಾಗಿದ್ದವು. ಗುಂಡಿ ಒತ್ತಿದರೆ ಚುಕ್ಕಾಣಿ ಪೂರ್ತಿ ತಿರುಗುತ್ತಿತ್ತು, ಬಿಟ್ಟರೆ ನೆಟ್ಟಗಾಗುತ್ತಿತ್ತು, ನಡುವಿನ ಸ್ಥಿತಿ ಇರಲಿಲ್ಲ. 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳು ಬಂದು ರೇಡಿಯೊ ಹಗುರವಾಯಿತು. ಅದೇ ಹೊತ್ತಿಗೆ ‘ಪ್ರಮಾಣಬದ್ಧ’ ನಿಯಂತ್ರಣವೂ ರೂಢಿಗೆ ಬಂತು. ಕೈಯಲ್ಲಿನ ಕಡ್ಡಿ ಎಷ್ಟು ವಾಲಿದರೆ ಚಕ್ರವೂ ಅಷ್ಟೇ ತಿರುಗುತ್ತಿತ್ತು. ಕಾರಿನ ರೇಸ್ ಸಾಧ್ಯವಾದದ್ದು ಇದಾದ ಮೇಲೆ.

ಮೊದಲ ಕಾರುಗಳು

ಅಂಗಡಿಗೆ ಬಂದ ಮೊದಲ ಆರ್‌ಸಿ ಕಾರುಗಳನ್ನು ತಯಾರಿಸಿದ್ದು ಇಟಲಿಯ ರೆಜ್ಜೊ ಎಮಿಲಿಯಾದ ಎಲ್-ಜಿ ಕಂಪನಿ. ಅದರ 1:12 ಅಳತೆಯ ಫೆರಾರಿ 250 ಎಲ್‌ಎಂ 1966ರಲ್ಲಿ ಮಾರಾಟಕ್ಕೆ ಬಂತು. ಇಂಗ್ಲೆಂಡಿನ ಲೆಸ್ಟರ್ ನಗರದ ಮಾರ್ಡೇವ್ ಕಂಪನಿ ಎಂಜಿನ್ ಕಾರುಗಳನ್ನು ಹೊರತಂದಿತು. ಈ ಪೀಳಿಗೆಯ 1:8 ಅಳತೆಯ ಕಾರುಗಳಲ್ಲಿದ್ದದ್ದು ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನದಿಂದ ಓಡುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್. ಅದರ ಸದ್ದು, ಹೊಗೆ, ಎಣ್ಣೆಜಿಡ್ಡು ಮನೆಯ ಹತ್ತಿರಕ್ಕೂ ಸುಳಿಯುವಂಥವಲ್ಲ. ಓಟ ನಡೆಯುತ್ತಿದ್ದದ್ದು ಖಾಲಿ ಪಾರ್ಕಿಂಗ್ ಜಾಗಗಳಲ್ಲಿ. ಈ ವರ್ಗದ ಮೊದಲ ವಿಶ್ವ ಚಾಂಪಿಯನ್‌ಷಿಪ್ 1977ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆಯಿತು. ಎರಡು ವರ್ಷಗಳ ನಂತರ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್ ರೂಪುಗೊಂಡಿತು.

ಸಭಾಂಗಣಕ್ಕೆ

ಕಾರನ್ನು ಚಾವಣಿಯ ಕೆಳಗೆ ತಂದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ತಲಾ 1.2 ವೋಲ್ಟಿನ ಆರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 7.2 ವೋಲ್ಟ್. ಅದಕ್ಕೊಂದು ವಿದ್ಯುತ್ ಮೋಟಾರು ಸೇರಿದರೆ ಹೊಗೆಯಿಲ್ಲದ ಕಾರು ಸಿದ್ಧ. 1976ರಲ್ಲಿ ಜಪಾನಿನ ಟಮಿಯಾ ಕಂಪನಿ 1:12 ಅಳತೆಯ ಪೋರ್ಷೆ 934 ಕಾರನ್ನು ಜೋಡಣೆಯ ಕಿಟ್ ರೂಪದಲ್ಲಿ ಮಾರಾಟಕ್ಕಿಟ್ಟಿತು. ಪ್ಲಾಸ್ಟಿಕ್ ಮಾದರಿಗಳನ್ನು ಅಂಟಿಸುತ್ತಿದ್ದ ಹುಡುಗರು ಈಗ ಓಡುವ ಕಾರನ್ನು ಜೋಡಿಸತೊಡಗಿದರು. 1:12ರ ವಿದ್ಯುತ್ ಕಾರುಗಳ ರೇಸ್ ಯುರೋಪು, ಅಮೆರಿಕಗಳಲ್ಲಿ ಕಾರ್ಪೆಟ್ ಹಾಸಿದ ಒಳಾಂಗಣಗಳಿಗೆ ಕಾಲಿಟ್ಟಿತು. ಈ ವರ್ಗದ ವಿಶ್ವ ಚಾಂಪಿಯನ್‌ಷಿಪ್ 1982ರಲ್ಲಿ ಆರಂಭವಾಯಿತು.

ಆ ಕಾಲದ ಮುಖ್ಯ ತೊಡಕು ರೇಡಿಯೊ ಆವರ್ತನದ್ದು. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಬಣ್ಣದ ಗುರುತಿನ ಆರು ಚಾನೆಲ್‌ಗಳಿದ್ದವು. ಒಬ್ಬೊಬ್ಬರ ರಿಮೋಟಿನಲ್ಲೂ ಕಾರಿನಲ್ಲೂ ಆಯಾ ಬಣ್ಣದ ಸ್ಫಟಿಕದ ಜೋಡಿ ಇರಬೇಕಿತ್ತು. ಒಂದೇ ಬಣ್ಣದವರಿಬ್ಬರು ಒಮ್ಮೆಗೇ ರಿಮೋಟ್ ಹಚ್ಚಿದರೆ ಎರಡು ಕಾರುಗಳೂ ಹತೋಟಿ ತಪ್ಪುತ್ತಿದ್ದವು. ಓಟಕ್ಕೆ ಮುನ್ನ ಬಣ್ಣ ಹಂಚಿಕೊಳ್ಳುವುದೇ ಮೊದಲ ಕೆಲಸವಾಗಿತ್ತು.

ಹಜಾರಕ್ಕೆ

ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಹೊರತಂದ ಮಿನಿ-ಝಡ್ ಕಾರಿನಿಂದ ಮನೆಯೊಳಗಿನ ರೇಸ್ ಬೇರೆಯೇ ಕ್ರೀಡೆಯಾಗಿ ನಿಂತಿತು. ಅಂಗೈಯ ಉದ್ದದ, ಸುಮಾರು 1:28 ಅಳತೆಯ ಈ ಕಾರು ರಿಮೋಟುಗಳಲ್ಲಿ ಬಳಸುವ ನಾಲ್ಕು ಸಣ್ಣ ‘ಎಎಎ’ ಸೆಲ್‌ಗಳಿಂದ ಓಡುತ್ತದೆ. ಆಟಿಕೆಯ ಗಾತ್ರವಿದ್ದರೂ ಇದರ ಸ್ಟಿಯರಿಂಗ್ ಮತ್ತು ವೇಗ ಎರಡೂ ಪ್ರಮಾಣಬದ್ಧ. ಮೋಟಾರಿನ ಪಿನಿಯನ್ ಗೇರನ್ನು 6ರಿಂದ 9 ಹಲ್ಲುಗಳವರೆಗೆ ಬದಲಿಸಬಹುದು. ಹಲ್ಲು ಕಡಿಮೆಯಾದರೆ ತಿರುವಿನಿಂದ ಚುರುಕಾಗಿ ಹೊರಬರುತ್ತದೆ. ಹೆಚ್ಚಾದರೆ ನೇರದಾರಿಯಲ್ಲಿ ವೇಗ ಏರುತ್ತದೆ. ಮೋಟಾರಿನ ಭಾಗವನ್ನು ಚಾಸಿಗೆ ಸೇರಿಸುವ ತೆಳುಪಟ್ಟಿಯೇ ಹಿಂದಿನ ಸಸ್ಪೆನ್ಷನ್. ಅದರ ಬಿಗಿ ಬದಲಾದರೆ ಕಾರಿನ ನಡೆಯೂ ಬದಲಾಗುತ್ತದೆ. ಮೊದಮೊದಲ ಮಾದರಿಗಳಲ್ಲಿ ವೇಗದ ಮೋಟಾರು ಹಾಕಿದರೆ ಸರ್ಕ್ಯೂಟ್ ಬೋರ್ಡಿನ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತಿದ್ದವು. ಹವ್ಯಾಸಿಗಳು ಅವುಗಳ ಬೆನ್ನಮೇಲೆ ಅಂಥವೇ ಇನ್ನಷ್ಟನ್ನು ಬೆಸುಗೆ ಹಾಕಿ ವಿದ್ಯುತ್ತಿನ ಭಾರವನ್ನು ಹಂಚುತ್ತಿದ್ದರು. ಈ ಬೆಸುಗೆ ಬಲ್ಲವನಿಗೆ ಗೆಳೆಯರ ಬಳಗದಲ್ಲಿ ಒಳ್ಳೆಯ ಬೇಡಿಕೆಯಿತ್ತು.

2001ರಲ್ಲಿ ಟೊಮಿ ಕಂಪನಿಯ ಬಿಟ್ ಚಾರ್-ಜಿ ಇದಕ್ಕಿಂತ ಕಿರಿದಾಗಿ ಬಂತು; ಮರುವರ್ಷ ಅಮೆರಿಕದಲ್ಲಿ ರೇಡಿಯೊಶ್ಯಾಕ್ ಇದನ್ನು ಝಿಪ್‌ಝ್ಯಾಪ್ಸ್ ಹೆಸರಿನಲ್ಲಿ ಮಾರಿತು. ಪೇಜರ್ ಮತ್ತು ಮೊಬೈಲುಗಳು ನಡುಗಲೆಂದು ಮಾಡಿದಂಥ ಹುರುಳಿಕಾಳಿನಷ್ಟೇ ಅನಿಸುವ ಮೋಟಾರುಗಳು ಈ ಗಾತ್ರವನ್ನು ಸಾಧ್ಯವಾಗಿಸಿದವು. ರಿಮೋಟಿನ ಮೇಲೆ ಕಾರನ್ನು ಒಂದು ನಿಮಿಷದೊಳಗೆ ಚಾರ್ಜ್ ಮಾಡಿ ಮತ್ತೆ ನೆಲಕ್ಕೆ ಬಿಡಬಹುದಿತ್ತು.

ಆ ದಶಕದಲ್ಲೇ 2.4 ಗಿಗಾಹರ್ಟ್ಸ್ ರೇಡಿಯೊಗಳು ಹರಡಿ ಬಣ್ಣದ ಸ್ಫಟಿಕಗಳ ಕಾಟ ಮುಗಿಯಿತು. ಪ್ರತಿ ಕಾರೂ ತನ್ನ ರಿಮೋಟನ್ನು ಸಂಕೇತದಿಂದ ಗುರುತಿಸುವುದರಿಂದ ಒಂದೇ ಕೋಣೆಯಲ್ಲಿ ಹತ್ತಾರು ಕಾರುಗಳು ಒಟ್ಟಿಗೆ ಓಡತೊಡಗಿದವು.

ಭಾರತದಲ್ಲಿ

ಭಾರತದಲ್ಲಿ ಕಾರಿಗಿಂತ ಮುಂಚೆ ಬೇರೂರಿದ್ದು ವಿಮಾನದ ಮಾದರಿಗಳ ಹವ್ಯಾಸ. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಸುವ ರೂಢಿ ಹಳೆಯದು. ಪರದೇಶದ ಆಟಿಕೆಗಳ ಆಮದಿಗೆ ಕಟ್ಟುಪಾಡು ಇದ್ದ ಕಾಲದಲ್ಲಿ ಆರ್‌ಸಿ ಕಾರು ಬರುತ್ತಿದ್ದದ್ದು ಕೊಲ್ಲಿ ದೇಶಗಳಿಂದಲೋ ಸಿಂಗಪುರದಿಂದಲೋ ಮರಳುವ ನೆಂಟರ ಪೆಟ್ಟಿಗೆಯಲ್ಲಿ. ಅದು ಕೆಟ್ಟರೆ ಷೋಕೇಸೇ ಅದರ ಕೊನೆಯ ನಿಲ್ದಾಣ.

2001ರ ಏಪ್ರಿಲ್ 1ರಂದು ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು ಕೊನೆಗೊಂಡ ಮೇಲೆ ಚೀನಾದ ರಿಮೋಟ್ ಕಾರುಗಳು ಪೇಟೆಗಳಲ್ಲಿ, ಜಾತ್ರೆಯ ಅಂಗಡಿಸಾಲಿನಲ್ಲಿ ತುಂಬಿದವು. ಇವುಗಳಲ್ಲಿ ಹೆಚ್ಚಿನವು ಮುಂದೆ, ಹಿಂದೆ, ಎಡ, ಬಲ, ಟರ್ಬೊ ಎಂಬ ಐದೇ ಆಜ್ಞೆಗಳನ್ನು ಬಲ್ಲ ಅಗ್ಗದ ಚಿಪ್‌ಗಳ ಮೇಲೆ ನಿಂತಂಥವು. ಪ್ರಮಾಣಬದ್ಧ ನಿಯಂತ್ರಣ ಇವುಗಳಲ್ಲಿ ಇಲ್ಲ. ಚಕ್ರ ಪೂರ್ತಿ ತಿರುಗುತ್ತದೆ, ಇಲ್ಲವೇ ತಿರುಗುವುದೇ ಇಲ್ಲ. ಹವ್ಯಾಸದ ಕಾರಿಗೂ ಆಟಿಕೆಯ ಕಾರಿಗೂ ಇರುವ ಮೊದಲ ವ್ಯತ್ಯಾಸ ಇದು. ಎರಡನೆಯದು ಬಿಡಿಭಾಗ: ಹವ್ಯಾಸದ ಕಾರಿನ ಪ್ರತಿ ತುಣುಕೂ ಬೇರೆಯಾಗಿ ಸಿಗುತ್ತದೆ.

2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ತೆರೆದಿಟ್ಟಿತು. ವೈ-ಫೈ ಮನೆಮನೆಗೆ ಬಂದ ಈ ದಾರಿಯಲ್ಲೇ ಆಧುನಿಕ ಆರ್‌ಸಿ ರಿಮೋಟೂ ಬಂತು. ಇಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ ಮಣ್ಣಿನ ಟ್ರ್ಯಾಕಿನ ನೈಟ್ರೊ ಇಂಧನದ ಕಾರು ರೇಸ್ ಜನಪ್ರಿಯ ಸ್ಪರ್ಧೆಯಾಯಿತು. ಅಲ್ಲಿ ಕೈ ಪಳಗಿಸಿಕೊಂಡ ಹವ್ಯಾಸಿಗೆ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಹಿಡಿದ ಮೇಲೆ ಒಗ್ಗುವುದು ಕಿರುಗಾತ್ರದ ವಿದ್ಯುತ್ ಕಾರು.

2020ರ ಫೆಬ್ರುವರಿಯ ಮುಂಗಡಪತ್ರ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಅದು ಶೇ. 70 ಆಯಿತು. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕಾರು ಚಿಕ್ಕದಾದಷ್ಟೂ ಬೆಲೆ ಚಿಕ್ಕದಾಗುತ್ತದೆ ಎಂಬ ಲೆಕ್ಕ ಇದರಿಂದ ತಲೆಕೆಳಗಾಯಿತು. ಹಾಳಾದ ಕಾರನ್ನು ಎಸೆಯುವ ಬದಲು ರಿಪೇರಿ ಮಾಡಿಕೊಳ್ಳುವವನಿಗೇ ಹವ್ಯಾಸ ದಕ್ಕುವಂತಾಯಿತು.

ಹೊಸೂರು–ಕೃಷ್ಣಗಿರಿ ಸೀಮೆ

ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ತಮಿಳುನಾಡಿನ ಈ ಗಡಿಸೀಮೆಯ ಹವ್ಯಾಸಿಗೆ ಎರಡು ಅನುಕೂಲಗಳಿವೆ. ಒಂದು, ಬೆಂಗಳೂರಿನ ಸಾಮೀಪ್ಯ. ಹೊಸೂರಿನಿಂದ ಅತ್ತಿಬೆಲೆ ದಾಟಿ ಒಟ್ಟು ಸುಮಾರು 40 ಕಿ.ಮೀ. ಹೋದರೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್. ಮೋಟಾರು, ಸ್ಟಿಯರಿಂಗ್ ತಿರುಗಿಸುವ ಸರ್ವೊ, ಲಿಥಿಯಂ ಬ್ಯಾಟರಿ, ಚಾರ್ಜರ್, ಬೆಸುಗೆಯ ಸಾಮಾನು ಎಲ್ಲ ಅಲ್ಲಿನ ಕಿರಿದಾದ ಅಂಗಡಿಗಳಲ್ಲಿ ಸಿಗುತ್ತವೆ.

ಎರಡನೆಯದು, ಊರಿನ ಕಸುಬೇ ವಾಹನದ್ದು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಲಯ ಬಂದ ಮೇಲೆ ಹೊಸೂರು ಕಾರ್ಖಾನೆಗಳ ಊರಾಯಿತು. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂತು. ಅಶೋಕ್ ಲೇಲ್ಯಾಂಡ್ ಲಾರಿಗಳ ಘಟಕವೂ ಅದೇ ಕಾಲದ್ದು. 1982ರಲ್ಲಿ ಹುಟ್ಟಿದ ಟಿವಿಎಸ್ ರೇಸಿಂಗ್ ತಂಡದಿಂದ ಊರಿಗೆ ರೇಸಿನ ನಂಟೂ ಬೆಳೆಯಿತು. 2021ರಲ್ಲಿ ಏಥರ್ ಸ್ಕೂಟರ್ ಘಟಕ ಹೊಸೂರಿನಲ್ಲಿ ತೆರೆಯಿತು. ಓಲಾ ವಿದ್ಯುತ್ ಸ್ಕೂಟರಿನ ಕಾರ್ಖಾನೆ ತಲೆಯೆತ್ತಿದ್ದೂ ಅದೇ ವರ್ಷ, ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ಬಳಿ.

ವಿದ್ಯುತ್ ಸ್ಕೂಟರಿನ ಮೂರು ಮುಖ್ಯ ಅಂಗಗಳಾದ ಬ್ರಷ್ ಇಲ್ಲದ ಮೋಟಾರು, ಅದರ ಸುರುಳಿಗಳಿಗೆ ಸರದಿಯಂತೆ ವಿದ್ಯುತ್ ಹಾಯಿಸುವ ಕಂಟ್ರೋಲರು, ಲಿಥಿಯಂ ಬ್ಯಾಟರಿ ಈಗಿನ 1:28ರ ಕೆಲವು ರೇಸ್ ಕಾರುಗಳಲ್ಲೂ ಇರುತ್ತವೆ. ವ್ಯತ್ಯಾಸ ಕಾವಲಿನದು. ಸ್ಕೂಟರಿನಲ್ಲಿ ಪ್ರತಿ ಸೆಲ್ಲಿನ ಮೇಲೂ ಕಣ್ಣಿಡುವ ಸರ್ಕ್ಯೂಟ್ ಇದೆ. ಪುಟ್ಟ ಕಾರಿನಲ್ಲಿ ಆ ಕೆಲಸ ಬಹುಮಟ್ಟಿಗೆ ಹವ್ಯಾಸಿಯದೇ. ಲಿಥಿಯಂ-ಪಾಲಿಮರ್ ಸೆಲ್ 4.2 ವೋಲ್ಟಿಗಿಂತ ಮೇಲೇರಬಾರದು, 3 ವೋಲ್ಟಿಗಿಂತ ಕೆಳಗಿಳಿಯಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಚಾರ್ಜಿಗೆ ಹಾಕಿ ಮಲಗುವುದಂತೂ ಕೂಡದು.

ಮನೆಯ ಟ್ರ್ಯಾಕು

ಮಿನಿ-ಝಡ್ ವರ್ಗದ ಕಾರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಡಿದರೆ 5 ಮೀಟರ್ ಉದ್ದದ ಹಜಾರವನ್ನು ಒಂದು ಸೆಕೆಂಡಿನೊಳಗೆ ದಾಟುತ್ತದೆ. ಹಾಗಾಗಿ ಮನೆಯಲ್ಲಿ ಬೇಕಾದದ್ದು ತಿರುವು, ನೇರದಾರಿಯಲ್ಲ. ಪರದೇಶದ ಕ್ಲಬ್ಬುಗಳಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಫೋಮ್ ತುಂಡುಗಳ ಟ್ರ್ಯಾಕು ರೂಢಿ. ನಮ್ಮಲ್ಲಿ ಮಕ್ಕಳಿಗೆಂದು ಮಾರುವ ಫೋಮ್ ಚಾಪೆಯಿಂದ ಆ ಕೆಲಸ ನಡೆಯುತ್ತದೆ. ಅಂಚಿಗೆ ವೈರಿಂಗಿನ ಪಿವಿಸಿ ಕೇಸಿಂಗ್ ಪಟ್ಟಿ ಸಾಕು. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಟೈರಿಗೆ ಹಿಡಿತವಿಲ್ಲ, ಹಿಂಬದಿ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಮದ್ದು ಸರಳ: ಹಿಂದಕ್ಕೆ ಮೆತ್ತನೆಯ ಟೈರು, ಮುಂದಕ್ಕೆ ಗಟ್ಟಿ ಟೈರು. ತಾರಸಿ ಈ ಕಾರುಗಳಿಗೆ ಆಗದು. ನೆಲಕ್ಕೂ ಚಾಸಿಗೂ ಇರುವ ಅಂತರ ಕೆಲವೇ ಮಿಲಿಮೀಟರ್.

ಓಟಕ್ಕೆ ಮುಂಚಿನ ಶಾಸ್ತ್ರ ಕಸ ಗುಡಿಸುವುದು. ಉದ್ದ ಕೂದಲು ಹಿಂದಿನ ಆಕ್ಸಲಿಗೆ ಸುತ್ತಿ ಬೇರಿಂಗಿನೊಳಗೆ ಸೇರಿದರೆ ಕಾರು ಮಂದವಾಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಅದನ್ನು ತೆಗೆಯಲು ವಾಚ್ ರಿಪೇರಿಯವರ ಸ್ಕ್ರೂ ಡ್ರೈವರ್, ಚಿಮಟವೇ ಬೇಕು. ಸುತ್ತುಗಳ ಲೆಕ್ಕಕ್ಕೆ ಕಾರಿನಲ್ಲಿ ಇನ್‌ಫ್ರಾರೆಡ್ ಸಂಕೇತ ಬೀರುವ ಬಿಲ್ಲೆಯಿಟ್ಟು ಕಂಪ್ಯೂಟರಿಗೆ ಜೋಡಿಸಬಹುದು. ಇಬ್ಬರೇ ಇದ್ದರೆ ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಇತ್ತೀಚಿನ ಬೆಳವಣಿಗೆ

ಚೀನಾದ ಡಬ್ಲ್ಯುಎಲ್‌ಟಾಯ್ಸ್ ಕಂಪನಿಯ 1:28 ಕಾರುಗಳು ಮಿನಿ-ಝಡ್‌ಗಿಂತ ಅಗ್ಗದಲ್ಲಿ ಪ್ರಮಾಣಬದ್ಧ ನಿಯಂತ್ರಣವನ್ನು ತಂದವು. 2020ರ ನಂತರ ಟರ್ಬೊ ರೇಸಿಂಗ್ ಕಂಪನಿ 1:76ರ, ಸುಮಾರು 6 ಸೆಂ.ಮೀ. ಉದ್ದದ ಕಾರಿಗೂ ಅದನ್ನು ಅಳವಡಿಸಿತು. ಇದರ ಟ್ರ್ಯಾಕು ಮೇಜಿನ ಮೇಲೆ ಹಾಸಿ ಸುತ್ತಿಡಬಹುದಾದ ಚಾಪೆ. ಆಕ್ಸಿಯಲ್ ಕಂಪನಿಯ 1:24ರ ಎಸ್‌ಸಿಎಕ್ಸ್24 ವೇಗವನ್ನೇ ಬದಿಗಿಟ್ಟಿತು: ಪುಸ್ತಕದ ರಾಶಿ, ದಿಂಬು, ಕಲ್ಲುಗಳ ಮೇಲೆ ಉರುಳದೆ ಹತ್ತುವುದೇ ಇಲ್ಲಿನ ಪಂದ್ಯ.

ಬೆಲೆಯ ಹೊರೆಗೆ ಹವ್ಯಾಸಿಗಳು ಕಂಡುಕೊಂಡ ಉತ್ತರ ತ್ರೀಡಿ ಮುದ್ರಣ. ಮುರಿದ ಬಂಪರ್, ಬ್ಯಾಟರಿಯ ಹಿಡಿಕೆ, ಚಕ್ರದ ರಿಮ್, ಕೆಲವೊಮ್ಮೆ ಇಡೀ ಚಾಸಿಯೇ ಮನೆಯ ಪ್ರಿಂಟರಿನಲ್ಲಿ ತಯಾರಾಗುತ್ತದೆ. ಮೋಟಾರು, ಬ್ಯಾಟರಿ, ರೇಡಿಯೊ ಬೆರಳ ತುದಿಯ ಗಾತ್ರಕ್ಕೆ ಇಳಿದ ಮೇಲೆ ಕಾರು ಇನ್ನೂ ಕುಗ್ಗುವುದರಲ್ಲಿ ಓಟಗಾರನಿಗೆ ಲಾಭವಿಲ್ಲ. ಕಣ್ಣಿಗೆ ಕಾಣದ ಕಾರನ್ನು ತಿರುವಿನಲ್ಲಿ ನಡೆಸಲಾಗದು. ಈಗಿನ ಪೈಪೋಟಿ ಇರುವುದು ಬಿಡಿಭಾಗಗಳನ್ನು ತಾನೇ ಮಾಡಿಕೊಂಡು ಒಂದೇ ಕಾರನ್ನು ವರ್ಷಗಟ್ಟಲೆ ಓಟದಲ್ಲಿ ಉಳಿಸಿಕೊಳ್ಳುವುದರಲ್ಲಿ.