ಹೂದೋಟದ ಕೆಳಗಿನ ಸುರಂಗ

ಗಂಡನ ಹವ್ಯಾಸಕ್ಕೂ ಹೆಂಡತಿಯ ಹೂದೋಟಕ್ಕೂ ಜಗಳ ಬಾರದಂತೆ ವಕೀಲರಿಂದ ಪತ್ರ ಬರೆಸಿದ್ದನ್ನು ನೀವು ಕೇಳಿದ್ದೀರಾ? ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ೧೯೪೯ರಲ್ಲಿ ಅಂಥದೊಂದು ಪತ್ರ ಹುಟ್ಟಿತು. ಗಂಡ, ಮಿಕ್ಕಿ ಮೌಸ್ ಚಿತ್ರಗಳಿಂದ ಹೆಸರಾದ ವಾಲ್ಟ್ ಡಿಸ್ನಿ, ಹೆಂಡತಿ, ಲಿಲಿಯನ್.

ಡಿಸ್ನಿಯವರಿಗೆ ರೈಲಿನ ಗೀಳು ಹಿಡಿದದ್ದು ಎಳವೆಯಲ್ಲಿ. ಹುಡುಗನಾಗಿದ್ದಾಗ ಒಂದು ಬೇಸಗೆಯೆಲ್ಲ ರೈಲುಗಾಡಿಗಳಲ್ಲಿ ಪತ್ರಿಕೆ, ಮಿಠಾಯಿ ಮಾರಿದವರು ಅವರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರ ಚಿತ್ರಶಾಲೆ ಸಾಲದಲ್ಲಿತ್ತು. ದುಡಿದು ದುಡಿದು ಜೀವ ಬಳಲಿತ್ತು. ೧೯೪೭ರ ಕ್ರಿಸ್‌ಮಸ್ ವೇಳೆಗೆ ಆಟಿಕೆಯ ರೈಲೊಂದನ್ನು ತಂದು ಕಚೇರಿಯ ಪಕ್ಕದ ಕೋಣೆಯಲ್ಲಿ ಓಡಿಸತೊಡಗಿದರು. ಮರುವರ್ಷ ಷಿಕಾಗೋದ ರೈಲ್ವೆ ಪ್ರದರ್ಶನಕ್ಕೆ ಹೋಗಿಬಂದ ಮೇಲಂತೂ ಆಟಿಕೆ ಸಾಲದಾಯಿತು. ಚಿತ್ರಶಾಲೆಯ ಯಂತ್ರತಜ್ಞ ರೋಜರ್ ಬ್ರಾಗಿಯವರ ಕೈಕೆಳಗೆ ತಾವೇ ಶಿಷ್ಯರಾಗಿ ತಗಡು ಕತ್ತರಿಸುವುದನ್ನು, ಬೆಸೆಯುವುದನ್ನು ಕಲಿತರು. ನಿಜವಾದ ಎಂಜಿನಿನ ಎಂಟನೆಯ ಒಂದರಷ್ಟು ಅಳತೆಯ ಉಗಿಯ ಎಂಜಿನ್ ಸಿದ್ಧವಾಯಿತು. ಅದಕ್ಕೆ ‘ಲಿಲ್ಲಿ ಬೆಲ್’ ಎಂದು ಹೆಂಡತಿಯ ಹೆಸರನ್ನೇ ಇಟ್ಟರು. ವರ ಬೇಡುವ ಮೊದಲೇ ಕಾಣಿಕೆ ಒಪ್ಪಿಸಿದ ಜಾಣತನವೆನ್ನಬೇಕು!

ಇನ್ನು ಹಳಿ. ಹೊಸ ಮನೆಯ ಹಿತ್ತಿಲಲ್ಲಿ ೨,೬೧೫ ಅಡಿಗಳ ದಾರಿ ಗುರುತಾಯಿತು. ಅದು ಹಾಯ್ದುಹೋಗುವುದೋ, ಲಿಲಿಯನ್ ಹೂ ಬೆಳೆಸಬೇಕೆಂದಿದ್ದ ನೆಲದಲ್ಲಿ. ಆಕೆ ಬೇಡವೆಂದರು. ಆಗಲೇ ಪತ್ರ ಬಂದದ್ದು. ರೈಲುದಾರಿಗೆ ಮನೆಯವರ ಒಪ್ಪಿಗೆ ಇದೆಯೆಂದು ಚಿತ್ರಶಾಲೆಯ ವಕೀಲರು ಗಂಭೀರವಾಗಿಯೇ ಬರೆದರು. ಲಿಲಿಯನ್ ಮತ್ತು ಇಬ್ಬರು ಹೆಣ್ಣುಮಕ್ಕಳು ಸಹಿ ಹಾಕಿದರು. ತಮಾಷೆಯ ಪತ್ರವೇ ಸರಿ. ಆದರೆ ಮನೆಯ ನೆಲ ಯಜಮಾನನೊಬ್ಬನದಲ್ಲ ಎಂಬ ಮಾತು ಅದರಲ್ಲಿ ಅಡಗಿತ್ತು.

ಸಹಿ ಸಿಕ್ಕಿತೆಂದು ಡಿಸ್ನಿಯವರು ಹೂವಿನ ಮೇಲೆ ರೈಲು ಹರಿಸಲಿಲ್ಲ. ಹೂದೋಟದ ಅಡಿಯಲ್ಲಿ ೯೦ ಅಡಿಗಳ ಸುರಂಗ ಕೊರೆಸಿದರು. ಅದೂ ಹಾವಿನಂತೆ ಬಳುಕಿದ ಸುರಂಗ. ನೇರವಾಗಿ ತೋಡಿದರೆ ಅಗ್ಗವಾದೀತೆಂದ ಮೇಸ್ತ್ರಿಗೆ, ತೋಡದೆಯೇ ಇದ್ದರೆ ಇನ್ನೂ ಅಗ್ಗವೆಂದು ಉತ್ತರ ಕೊಟ್ಟರಂತೆ! ಒಳಹೊಕ್ಕವರಿಗೆ ಆಚೆಯ ಬೆಳಕು ಕಾಣದ ಆ ಕತ್ತಲೆ ರೈಲುದಾರಿಗೇ ಒಂದು ಸೊಗಸಾಯಿತು. ಹೆಂಡತಿಯ ಹಟದಿಂದ ಗಂಡನ ಆಟಕ್ಕೆ ನಷ್ಟವೇನೂ ಆಗಲಿಲ್ಲ.

೧೯೫೦ರಿಂದ ರೈಲು ಓಡಿತು. ನೆಂಟರು, ಗೆಳೆಯರು, ಮಕ್ಕಳು ಪೆಟ್ಟಿಗೆಗಳ ಮೇಲೆ ಕುಳಿತು ಸವಾರಿ ಮಾಡಿದರು. ಡಿಸ್ನಿಯವರು ಚಾಲಕನ ಟೋಪಿ ಧರಿಸಿ ಮುಂದೆ ಕೂರುತ್ತಿದ್ದರು. ೧೯೫೩ರಲ್ಲಿ ಮಾತ್ರ ಅತಿಥಿಯೊಬ್ಬರು ತಿರುವಿನಲ್ಲಿ ವೇಗವಾಗಿ ಓಡಿಸಿ ರೈಲು ಉರುಳಿತು. ಹೊರಹೊಮ್ಮಿದ ಉಗಿ ತಗುಲಿ ಪುಟ್ಟ ಹುಡುಗಿಯೊಬ್ಬಳಿಗೆ ಸುಟ್ಟಗಾಯವಾಯಿತು. ಡಿಸ್ನಿಯವರು ಮನೆಯ ರೈಲನ್ನು ನಿಲ್ಲಿಸಿಬಿಟ್ಟರು. ಮೊದಲು ಯಾವ ಆಕ್ಷೇಪಣೆಗೂ ಬಗ್ಗದ ಹವ್ಯಾಸ, ಮಗುವೊಂದು ನೊಂದಾಗ ತಾನಾಗಿ ಬಾಗಿತು.

ಆಸೆ ಅಲ್ಲಿಗೇ ಆರಲಿಲ್ಲ. ೧೯೫೫ರ ಜುಲೈ ೧೭ರಂದು ಡಿಸ್ನಿಲ್ಯಾಂಡ್ ತೆರೆದಾಗ, ಅದನ್ನು ಸುತ್ತುವ ಉಗಿಯ ರೈಲು ಮೊದಲ ದಿನದಿಂದಲೇ ಇತ್ತು. ಹಿತ್ತಿಲಿಗೆ ದೊಡ್ಡದಾದ ಕನಸಿಗೆ ಊರಾಚೆ ಜಾಗ ದೊರೆತಿತ್ತು; ಮನೆಯ ನೆಲ ಹೂವಿಗೆ ಉಳಿಯಿತು.

ನಮ್ಮ ಮನೆಗಳಲ್ಲಿ ಅಟ್ಟದ ಮೇಲೋ, ಊಟದ ಮೇಜಿನ ಮೇಲೋ ಹಳಿ ಹಾಸಿಕೊಂಡು ಕೂರುವವರಿದ್ದಾರೆ. ಅವರು ವಕೀಲರನ್ನು ಕರೆಸಬೇಕಾಗಿಲ್ಲ. ಸುರಂಗ ಎಲ್ಲಿ ಬೇಕೆಂದು ಮನೆಯವರನ್ನು ಮೊದಲೇ ಕೇಳಿದರೆ ಸಾಕು.