ಚೀಲದ ರಕ್ತ ಮತ್ತು ಪ್ರಾಣಿಗಳ ಋಣ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಕಾಡುಸೀಮೆಯಲ್ಲಿ ತುರ್ತಿಗೆ ಆಸರೆಯಾಗುವುದು ಚೀಲದಲ್ಲಿ ಶೇಖರಿಸಿಟ್ಟ ರಕ್ತ. ಅದನ್ನು ಹೆಪ್ಪುಗಟ್ಟದಂತೆ ಇಡುವುದು ಸಿಟ್ರೇಟ್. ನ್ಯೂಯಾರ್ಕ್‌ನ ವೈದ್ಯ ರಿಚರ್ಡ್ ಲೂಯಿಸನ್ ಅದರ ಸುರಕ್ಷಿತ ಪ್ರಮಾಣ ಶೇಕಡಾ 0.2 ಎಂದು 1915ರಲ್ಲಿ ತಿಳಿಸಿದ್ದು ನಾಯಿಗಳ ಮೇಲೆ ಪರೀಕ್ಷಿಸಿದ ಬಳಿಕ. ಪ್ರಾಣಿಯ ರಕ್ತವೇ ಬೇರೆ, ಮನುಷ್ಯನದೇ ಬೇರೆ ಎಂಬ ಆಕ್ಷೇಪ ನಿಜ: 1667ರಲ್ಲಿ ಪ್ಯಾರಿಸ್ಸಿನಲ್ಲಿ ಕರುವಿನ ರಕ್ತ ಪಡೆದ ರೋಗಿಯ ಮೂತ್ರ ಮಸಿಯಂತೆ ಕಪ್ಪಾಯಿತು. ರಕ್ತದ ಹೊಂದಾಣಿಕೆಯ ವಿಷಯದಲ್ಲಿ ಪ್ರಾಣಿ ಮಾದರಿಯಾಗಲಾರದು. ವಿಜ್ಞಾನಿ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಕಂಡದ್ದು ಮನುಷ್ಯರ ರಕ್ತದಲ್ಲೇ. ಆದರೆ ವಿಪರೀತ ರಕ್ತಸ್ರಾವಕ್ಕೆ ಹೃದಯ, ರಕ್ತದೊತ್ತಡ ಹೇಗೆ ಸ್ಪಂದಿಸುತ್ತವೆ ಎಂದು ಅರಿಯಲು ಮನುಷ್ಯನಷ್ಟೇ ತೂಗುವ ಹಂದಿ, ಕುರಿಗಳ ದೇಹ ಇಲಿಗಿಂತ ನಂಬಿಕಸ್ತ ಸಾಕ್ಷಿ. ಹಾಗೆಂದು ಮನಬಂದಂತೆ ಬಳಸುವಂತಿಲ್ಲ. ಸಣ್ಣ ಪ್ರಾಣಿಗಳಿಂದಲೇ ಅದೇ ಫಲ ಸಿಗುವಂತಿದ್ದರೆ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗ ಬೇಡ ಎನ್ನುತ್ತದೆ ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ.