ತಂಗಡಿಯ ತೊಗಲು, ಕ್ರೋಮಿನ ತೊಗಲು

ಆದವಾನಿಯಿಂದ ಆಲೂರಿನ ಕಡೆಗೆ ಹೊರಟವರಿಗೆ ದಾರಿಯ ಬದಿಯ ದಿಬ್ಬಗಳ ಮೇಲೆ ಹಳದಿಯ ಹೂ ಬಿಟ್ಟ ಗಿಡವೊಂದು ಕಾಣುವುದುಂಟು. ನಮ್ಮವರು ಅದನ್ನು ತಂಗಡಿಯೆಂದೂ ಆವರಿಕೆಯೆಂದೂ ಕರೆಯುತ್ತಾರೆ. ನೆರೆಯ ತೆಲುಗರಿಗೆ ಅದು ತಂಗೇಡು. ಮದುವೆಗೂ ಸಭೆಗೂ ತೊಡುವ ಬೂಟಿನ ತೊಗಲಿನ ಗುಣದೋಷಗಳನ್ನು ತೂಗಬೇಕಾದರೆ ಮಾತು ಈ ಗಿಡದಿಂದಲೇ ಆರಂಭವಾಗಬೇಕು. ಏಕೆಂದರೆ ತೊಗಲಿನ ಗುಣವು ಪ್ರಾಣಿಯಿಂದ ಬಂದುದಕ್ಕಿಂತ ಹೆಚ್ಚಾಗಿ ಹದದಿಂದ ಬಂದುದು.

ಹಸಿಯ ತೊಗಲು ಕೊಳೆಯುತ್ತದೆ. ಬರಿದೆ ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಯಿಸಿ, ಕೂದಲನ್ನೂ ಅಂಟಿದ ಮಾಂಸವನ್ನೂ ಕೆರೆದು, ತಂಗಡಿಯ ತೊಗಟೆಯ ರಸದಲ್ಲಿ ವಾರಗಟ್ಟಲೆ ಇರಿಸಿದರೆ, ತೊಗಟೆಯ ಒಗರು ಎಳೆಯೆಳೆಯಲ್ಲಿ ಇಳಿದು ತೊಗಲು ಹದಗೊಳ್ಳುವುದು. ಹೀಗೆ ಹದವಾದ ತೊಗಲು ತಿಳಿಬಣ್ಣದ್ದು, ಮೆದುವಾದದ್ದು. ಆದರೆ ಬೆಳಕು ಬಿದ್ದಂತೆ ಕೆಂಪೇರುವ ದೋಷ ಅದಕ್ಕಿತ್ತು. ಆ ದೋಷವನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಿದ್ದರು. ಯಾವ ಪ್ರಯೋಗಶಾಲೆಯೂ ಇಲ್ಲದ ಕಾಲದಲ್ಲಿ, ಒಂದು ತೊಗಟೆಯ ದೋಷವನ್ನು ಒಂದು ಕಾಯಿ ನೀಗಿಸುತ್ತದೆಂದು ಕಂಡುಕೊಂಡವರು ಸಾಮಾನ್ಯರಲ್ಲ. ಅವರ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಕಸುಬಿನೊಡನೆ ಹೆಸರೂ ಉಳಿಯಿತು. ಹದ ಮಾಡುವವನು ಡೋಹರ, ಹೊಲಿಯುವವನು ಸಮಗಾರ ಎಂಬ ಭೇದವೂ ಆ ಹೆಸರುಗಳಿಂದಲೇ ನಮಗೆ ತಿಳಿದುಬರುತ್ತದೆ. ಅನಂತರದ ಶತಮಾನಗಳಲ್ಲಿ ಉಳಿದದ್ದು ಕಸುಬು ಮತ್ತು ಊರಹೊರಗಿನ ಕೇರಿ.

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವ ತನಕ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಪ್ರಾಂತದ ದನದ ತೊಗಲು ತಂಗಡಿಯಲ್ಲಿ ಅರೆಹದಗೊಂಡು, ‘ಈಸ್ಟ್ ಇಂಡಿಯಾ ಕಿಪ್’ ಎಂಬ ಹೆಸರಿನಿಂದ ಲಂಡನ್ನಿನ ಹರಾಜಿಗೆ ಹೋಗುತ್ತಿತ್ತು. ಎಣ್ಣೆ, ಬಣ್ಣ, ಹೊಳಪುಗಳೆಲ್ಲ ಅಲ್ಲಿಯವು. ಅವುಗಳೊಡನೆ ಲಾಭವೂ ಅಲ್ಲಿಯದು. ಮೊದಲನೆಯ ಮಹಾಯುದ್ಧ ನಡೆದಿದ್ದಾಗ, 1916ರಿಂದ, ಸರ್ಕಾರವೇ ಈ ತೊಗಲನ್ನು ಕೊಂಡು ಸೈನಿಕರ ಬೂಟಿನ ಮೇಲ್ಭಾಗಕ್ಕೆಂದು ಕಳುಹಿಸಿತು.

ಇಷ್ಟರಲ್ಲಿ ಪ್ರತಿಸ್ಪರ್ಧಿಯೊಂದು ಹುಟ್ಟಿಕೊಂಡಿತ್ತು. ಅಮೆರಿಕದಲ್ಲಿ 1884ರಲ್ಲಿ ಆಗಸ್ಟಸ್ ಷುಲ್ಟ್ಸ್, 1893ರಲ್ಲಿ ಮಾರ್ಟಿನ್ ಡೆನ್ನಿಸ್ ಎಂಬವರು ತೊಗಟೆಯ ಬದಲು ಕ್ರೋಮಿಯಮ್ ಲವಣದಿಂದ ಹದಮಾಡುವ ಕ್ರಮಗಳಿಗೆ ಹಕ್ಕುಪತ್ರ ಪಡೆದರು. ವಾರಗಳ ಕೆಲಸ ಕೆಲವೇ ದಿನಗಳಿಗೆ ಇಳಿಯಿತು. ಫಿಲಡೆಲ್ಫಿಯದ ಕಾರ್ಖಾನೆಗಳು ಆಡಿನ ತೊಗಲನ್ನು ಗಾಜಿನಂತೆ ಹೊಳೆಯುವ ಬೂಟಿನ ತೊಗಲಾಗಿ ಮಾಡತೊಡಗಿದ ಮೇಲೆ ಅವರಿಗೆ ನಮ್ಮ ಹದ ಬೇಡವಾಯಿತು, ಹಸಿಯ ತೊಗಲೇ ಸಾಕಾಯಿತು. ಮದರಾಸಿನ ಹದದ ಕೆಲಸಕ್ಕೆ ಇದರಿಂದ ಪೆಟ್ಟು ಬಿದ್ದಿತು.

ಇದನ್ನು ಕಂಡು 1903ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗವನ್ನು ಆರಂಭಿಸಿದರು. ಅವರ ಕಣ್ಣು ಮೊದಲು ಬಿದ್ದದ್ದು ಬೂಟಿನ ಮೇಲಲ್ಲ, ಕಪಿಲೆಯ ಬಾನಿಯ ಮೇಲೆ! ಎತ್ತುಗಳು ಬಾವಿಯಿಂದ ಜಗ್ಗುತ್ತಿದ್ದ ಆ ತೊಗಲಿನ ಬಾನಿ ಸದಾ ನೀರಿನಲ್ಲಿ ನೆನೆದು ಬೇಗ ಕೆಡುತ್ತಿತ್ತು. ಕ್ರೋಮಿನದು ಬಹುಕಾಲ ಬಾಳಿತು. ಬೂಟು, ಚಪ್ಪಲಿಗಳು ಅನಂತರ ಬಂದವು. ಸರ್ಕಾರವು ಉದ್ಯಮ ನಡೆಸಕೂಡದೆಂದು 1910ರಲ್ಲಿ ಲಂಡನ್ನಿನಿಂದ ಅಪ್ಪಣೆಯಾಗಲು ಆ ಕೆಲಸ ಸರ್ಕಾರದ ಕೈಬಿಟ್ಟಿತು. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕೆಯ ಸೇವೆಗೆ ಬಂದರು.

ಹಾಗಾದರೆ ಯಾವ ತೊಗಲು ಮೇಲು? ಬಾನಿಯ ಪಾಠವೇ ಬೂಟಿಗೂ ಸಲ್ಲುವುದು. ಕ್ರೋಮಿನ ತೊಗಲು ನೀರಿಗೂ ಬಿಸಿಗೂ ಅಂಜದು, ಹಗುರ, ಬಣ್ಣವನ್ನು ಚೆನ್ನಾಗಿ ಹಿಡಿಯುವುದು. ಆದರೆ ಕಾಲಿನ ಆಕಾರಕ್ಕೆ ಬೇಗ ಒಗ್ಗದು. ತೊಗಟೆಯ ತೊಗಲು ಬೆವರನ್ನು ಹೀರಿ, ತಿಂಗಳೊಪ್ಪತ್ತಿನಲ್ಲಿ ಕಾಲಿನ ಅಚ್ಚನ್ನೇ ತಾಳುವುದು; ನೆನೆದುದನ್ನು ಒಲೆಯ ಬಳಿ ಒಣಗಿಸಿದರೆ ಮಾತ್ರ ಬಿರುಸಾಗಿ ಬಿರಿಯುವುದು. ಪ್ರಾಣಿಗಳಲ್ಲಿ ಕರುವಿನ ತೊಗಲಿನ ನುಣುಪಿಗೆ ಸಮನಿಲ್ಲ, ನಮ್ಮಲ್ಲಿ ಅದು ವಿರಳ. ಆಡಿನದು ತೆಳುವಾದರೂ ಗಟ್ಟಿ. ಕುರಿಯದು ಮೃದು, ಆದರೆ ಸಡಿಲು, ಬೂಟಿನ ಮೇಲ್ಭಾಗಕ್ಕೆ ಬಾರದು. ಎಮ್ಮೆಯದು ಒರಟು, ಅಟ್ಟೆಗೆ ಯೋಗ್ಯ. ಕನ್ನಡಿಯಂತಹ ಪೇಟೆಂಟ್ ತೊಗಲನ್ನು ನಾನು ಮೆಚ್ಚೆನು. ಮೇಲಿನ ಲೇಪ ಒಮ್ಮೆ ಬಿರಿದರೆ ಅದಕ್ಕೆ ಮದ್ದಿಲ್ಲ. ಮಳೆಗಾಲದಲ್ಲಿ ಹಿಡಿದರೆ ಬಿಡದ ಎರೆಮಣ್ಣಿನ ನಮ್ಮ ಸೀಮೆಗೆ ಮೇಲ್ಭಾಗ ಕ್ರೋಮಿನದು, ಒಳಗೆ ಪಾದ ಊರುವ ಪದರ ತೊಗಟೆಯದು ಇರುವ ಜೋಡೇ ಸರಿ.

ಕ್ರೋಮಿಗೆ ಬೇರೊಂದು ದೋಷವೂ ಉಂಟು, ಅದು ಬೂಟಿನಲ್ಲಿ ಕಾಣದು. ತಮಿಳುನಾಡಿನ ಪಾಲಾರ್ ನದಿಯನ್ನು ಕೆಡಿಸಿದ ಹದದ ಕಾರ್ಖಾನೆಗಳ ವಿಷಯದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಕಟುವಾದ ತೀರ್ಪು ನೀಡಬೇಕಾಯಿತು.

ಅಧ್ಯಾಪಕರು ತರಗತಿಯಲ್ಲಿ ಈ ಭೇದವನ್ನು ತೋರಿಸಬಹುದು. ಹಳೆಯ ಜೋಡಿನ ಎರಡು ಚೂರುಗಳನ್ನು ಕತ್ತರಿಸಿ ಅಂಚನ್ನು ನೋಡಿರಿ; ತೊಗಟೆಯದು ಒಳಗೂ ಕಂದು, ಕ್ರೋಮಿನದು ಬಣ್ಣ ಇಳಿಯದ ಕಡೆ ನೀಲಿಬೂದು. ಎರಡನ್ನೂ ಕುದಿಯುವ ನೀರಿಗೆ ಹಾಕಿದರೆ ತೊಗಟೆಯ ಚೂರು ಮುದುಡಿ ಸುರುಳಿಯಾಗುವುದು. ಚೆನ್ನಾಗಿ ಹದವಾದ ಕ್ರೋಮಿನ ಚೂರು ಹೋದಂತೆಯೇ ಹೊರಬರುವುದು.